ಸೊರಬದ ಖಾತೆ

ಶಿವಮೊಗ್ಗದ ಆದಾಯ ತೆರಿಗೆ ಕಚೇರಿಯಿಂದ ಬಂದ ಪತ್ರವನ್ನು ಗಂಗಾಶ್ರೀ ಮೂರು ಸಲ ಓದಿದಳು. ಇಂಗ್ಲಿಷಿನ ಪತ್ರ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳಿಗೆ ವಾಕ್ಯಗಳು ಪೂರ್ತಿ ಹತ್ತಲಿಲ್ಲ. ಆದರೆ ತನ್ನ ಹೆಸರು, ತೀರಿಹೋದ ಗಂಡನ ಹೆಸರು, ಐವತ್ತು ಸಾವಿರ ಎಂಬ ಅಂಕಿ ಮತ್ತು ಸೊರಬ ಎಂಬ ಊರು ಕಣ್ಣಿಗೆ ಬಿದ್ದವು. ಅಷ್ಟು ಸಾಕಾಯಿತು. ಸೊರಬದ ಕಡೆಯಿಂದ ತನಗೆ ಒಳ್ಳೆಯದು ಬಂದದ್ದು ಅವಳಿಗೆ ನೆನಪಿರಲಿಲ್ಲ.

ಅದು ತೊಂಬತ್ತೆಂಟನೆಯ ಇಸವಿಯ ಜುಲೈ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಪಂಪ್‌ಸೆಟ್ಟು, ಪಿವಿಸಿ ಪೈಪು ಮಾರುವ ಅಂಗಡಿ ಅವಳದು. ಮೊದಲು ಗಂಡ ಚನ್ನೇಶನದಾಗಿತ್ತು. ಅವನು ಸತ್ತು ಒಂಬತ್ತು ವರ್ಷ. ಅವನ ಶಿವಗಣಾರಾಧನೆಗೆ ಹಾಕಿದ ಪೆಂಡಾಲು ಬಿಚ್ಚುವ ಮೊದಲೇ ಮೈದುನ ಕೊಟ್ರೇಶ್ ಅಂಗಡಿಯ ಮಾತು ತೆಗೆದಿದ್ದ. ಹೆಂಗಸಿನ ಕೈಲಿ ಈ ವ್ಯವಹಾರ ಆಗುವಂಥದ್ದಲ್ಲ, ತಾನೇ ಬಂದು ಕೂರುತ್ತೇನೆ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ ಎಂದಿದ್ದ. ಅತ್ತೆ ಅಕ್ಕನಾಗಮ್ಮ ಆಗ ಕಂಬಕ್ಕೆ ಒರಗಿ ಕೂತಿದ್ದಳು, ತುಟಿ ಎರಡು ಮಾಡಲಿಲ್ಲ. ಅಂಗಡಿ ಉಳಿಸಿಕೊಳ್ಳಲು ಗಂಗಾಶ್ರೀ ನಾಲ್ಕು ವರ್ಷ ಓಡಾಡಿದಳು. ಕೊನೆಗೆ ತೊಂಬತ್ತಮೂರರಲ್ಲಿ ಸೊರಬದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗಪತ್ರವಾಯಿತು. ಅಂಗಡಿ ಅವಳಿಗೆ, ಸೊರಬದ ಹತ್ತಿರದ ಉಳವಿಯ ಮನೆ ಮತ್ತು ಜಮೀನು ಕೊಟ್ರೇಶನಿಗೆ, ಎರಡು ಎಕರೆ ಗದ್ದೆ ಅತ್ತೆಯ ಸ್ವಂತ ಹೆಸರಿಗೆ. ಅಂದು ಬಸ್ಸು ಹತ್ತಿದವಳು ಮತ್ತೆ ಆ ಕಡೆ ಮುಖ ಹಾಕಿರಲಿಲ್ಲ.

ಪತ್ರ ಹಿಡಿದು ತನ್ನ ತೆರಿಗೆ ಲೆಕ್ಕ ಬರೆಯುವ ಮಾಲತೇಶನ ಹತ್ತಿರ ಹೋದಳು. ಊರಲ್ಲಿ ಎಲ್ಲರೂ ಅವನನ್ನು ಆಡಿಟರ್ ಅಂತಲೇ ಕರೆಯುತ್ತಿದ್ದರು. ಅವನು ಓದಿ ಮುಗಿಸಿ ಕನ್ನಡಕ ತೆಗೆದಿಟ್ಟ.

"ಅಕ್ಕಾರೆ, ನಿಮ್ಮ ಪಿಪಿಎಫ್ ಖಾತೆ ಬ್ಯಾಂಕಿನಾಗೆ ಒಂದೇ ಐತೆ ಅಂತ ನಂಗೆ ಹೇಳಿದ್ರಿ."

"ಒಂದೇ. ವರ್ಷಾ ವರ್ಷಾ ಮಾರ್ಚಿನಾಗೆ ಅರವತ್ತು ಸಾವಿರ ಕಟ್ತೀನಿ. ನೀವೇ ಬರ್ಕಂಡೀರಲ್ಲ."

"ಸೊರಬದ ಪೋಸ್ಟಾಫೀಸಿನಾಗೆ ನಿಮ್ಮ ಹೆಸರಿಗೆ ಇನ್ನೊಂದು ಐತಂತೆ. ಐದು ವರ್ಷದಿಂದ ವರ್ಷಕ್ಕೆ ಹತ್ತು ಸಾವಿರ ಜಮಾ ಆಗೈತೆ."

ಗಂಗಾಶ್ರೀ ಕುರ್ಚಿಯ ತುದಿಗೆ ಬಂದಳು. ಮಾಲತೇಶ್ ಬಿಡಿಸಿ ಹೇಳಿದ. ಮುಪ್ಪಿಗೆಂದು ಕೂಡಿಡುವ ಈ ಹಣಕ್ಕೆ ಸರ್ಕಾರ ಬಡ್ಡಿಯನ್ನೂ ಕೊಡುತ್ತದೆ, ತೆರಿಗೆಯನ್ನೂ ಬಿಡುತ್ತದೆ. ಅದಕ್ಕೇ ಕಟ್ಟುನಿಟ್ಟು. ಒಬ್ಬರ ಹೆಸರಿಗೆ ಒಂದೇ ಖಾತೆ, ವರ್ಷಕ್ಕೆ ಅರವತ್ತು ಸಾವಿರದ ಮಿತಿ. ಅವಳು ಬ್ಯಾಂಕಿನಲ್ಲೇ ಮಿತಿ ಮುಟ್ಟಿದ್ದರಿಂದ ಸೊರಬದಲ್ಲಿ ಬಿದ್ದ ಪ್ರತಿ ರೂಪಾಯಿಯೂ ಹೆಚ್ಚುವರಿ. ಆ ಖಾತೆ ಮುಚ್ಚಿ ಹಣ ವಾಪಸು ತಗೊಳ್ಳಬೇಕು, ಬಡ್ಡಿ ಸಿಗುವುದಿಲ್ಲ.

"ಅದು ಸಣ್ಣದು," ಎಂದ. "ದೊಡ್ಡದು ಮುಂದೈತೆ. ಆ ಐವತ್ತು ಸಾವಿರ ಎಲ್ಲಿಂದ ಬಂತು ಅಂತ ಕೇಳ್ತಾರೆ. ನಿಮ್ಮ ಲೆಕ್ಕದ ಬುಕ್ಕಿನಾಗೆ ಇಲ್ಲ. ಉತ್ತರ ಕೊಡ್ಲಿಲ್ಲ ಅಂದ್ರೆ ಮುಚ್ಚಿಟ್ಟ ಆದಾಯ ಅಂತ ಹಿಡಿದು ತೆರಿಗೆ ಹಾಕ್ತಾರೆ, ಮೇಲೆ ಬಡ್ಡಿ, ಅದರ ಮೇಲೆ ದಂಡ. ದಂಡ ಅಂದ್ರೆ ತೆರಿಗೆಯಷ್ಟಾದ್ರೂ ಸೈ, ಮೂರು ಪಟ್ಟಾದ್ರೂ ಸೈ."

"ನಾನು ಇಡದಿರೋ ದುಡ್ಡಿಗೆ ನಾನು ದಂಡ ಕಟ್ಟಬೇಕಾ?"

"ಯಾರಿಟ್ರು ಅಂತ ತೋರಿಸಿದ್ರೆ ಬೇಡ."

ಯಾರು ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಕೊಟ್ರೇಶ್. ಇಂಥ ಕೆಲಸಕ್ಕೆ ಅವನ ತಲೆಯೇ ಬೇಕು. ತನ್ನ ಕಳ್ಳ ದುಡ್ಡನ್ನು ಅತ್ತಿಗೆಯ ಹೆಸರಲ್ಲಿ ಮುಚ್ಚಿಟ್ಟಿದ್ದಾನೆ. ಇಲ್ಲವೇ ಬೇಕಂತಲೇ ಹಣ ಹಾಕಿ, ತಾನೇ ಅರ್ಜಿ ಬರೆದು ತೆರಿಗೆಯವರನ್ನು ಅಂಗಡಿಗೆ ಹತ್ತಿಸಿದ್ದಾನೆ. ನಾಳೆ ಕೋರ್ಟಿನಲ್ಲಿ ಅಂಗಡಿಯಲ್ಲಿ ನಂದೂ ಬಂಡವಾಳ ಐತೆ, ನೋಡ್ರಿ ರಸೀದಿ ಅಂದರೂ ಅಂದಾನು.

"ಮೋಸ ಮಾಡೋರು ಅಲ್ಲಿ ಯಾಕೆ ಇಡ್ತಾರ್ರಿ?" ಎಂದ ಮಾಲತೇಶ್. "ಆ ದುಡ್ಡು ತೆಗೀಬೇಕಂದ್ರೆ ನಿಮ್ಮ ಸಹಿನೇ ಬೇಕು. ಸಾಲ ಕೊಟ್ಟೋರು ಕೋರ್ಟಿಗೆ ಹೋದ್ರೂ ಅದನ್ನ ಜಪ್ತಿ ಮಾಡೋಕೆ ಬರಲ್ಲ."

"ಅದೇ ನಂಗೆ ಭಯ. ನಂಗೆ ಸುಮ್ಮನೆ ದುಡ್ಡು ಕೊಡೋ ಪೈಕಿ ಅಲ್ಲ ಅವರು."

ಪತ್ರವನ್ನು ಅವನ ಹತ್ತಿರ ಬಿಡದೆ ಕೈಗೆ ತೆಗೆದುಕೊಂಡಳು. ಮಾಲತೇಶನ ಹೆಂಡತಿಯ ತವರು ಸೊರಬದ ಕಡೆಯದು ಎಂಬುದು ಮೆಟ್ಟಿಲಿಳಿಯುವಾಗ ನೆನಪಾಯಿತು. ಅದೂ ಮನಸ್ಸಿನ ಒಂದು ಮೂಲೆಯಲ್ಲಿ ಕೂತಿತು.

ಮರುದಿನ ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸು ಹತ್ತಿದಳು. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು. ಸಂತೆಯ ದಿನವಾದ್ದರಿಂದ ಮೆಣಸಿನಕಾಯಿ ಚೀಲಗಳ ನಡುವೆ ನಿಂತೇ ಸೊರಬ ಮುಟ್ಟಿದಳು. ಅಂಚೆ ಕಚೇರಿಯಲ್ಲಿ ರೇಷನ್ ಕಾರ್ಡು, ತೆರಿಗೆಯವರ ಪತ್ರ ಎರಡನ್ನೂ ತೋರಿಸಿದ ಮೇಲೆ ಗುಮಾಸ್ತ ಹಳೆಯ ಕಟ್ಟೊಂದನ್ನು ಬಿಚ್ಚಿ ಅರ್ಜಿಯನ್ನು ಹೊರತೆಗೆದ.

ಸಹಿ ಅವಳದೇ. ಯಾರೋ ನಕಲು ಮಾಡಿದ್ದಲ್ಲ. 'ಗ'ದ ಬಾಲ ಎಡಕ್ಕೆ ಎಳೆದು 'ಶ್ರೀ'ಯನ್ನು ಮೇಲಕ್ಕೆತ್ತಿ ಬರೆಯುವ ಅವಳದೇ ಕೈ. ಸುಳ್ಳು ಸಹಿಯನ್ನು ಹಿಡಿಯಲು ಬಂದಿದ್ದಳು. ಈಗ ತನ್ನ ಕೈಯೇ ತನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

"ನಿಮ್ಮದೇ ಅಲ್ವೇನಮ್ಮ?" ಎಂದ ಗುಮಾಸ್ತ.

ಅವಳು ಸಹಿಯ ಕೆಳಗೆ ನೋಡಿದಳು. ತಾರೀಕು ತೊಂಬತ್ತಮೂರರದು, ವಿಭಾಗಪತ್ರವಾದ ದಿನದ್ದೇ. ವಾರಸುದಾರರ ಜಾಗದಲ್ಲಿ ಶೃತಿ, ಅವಳ ಮಗಳು. ಏಜೆಂಟಿನ ಹೆಸರು ಬಂಗಾರಮ್ಮ.

"ಈ ಬಂಗಾರಮ್ಮ ಯಾರು?"

"ಉಳಿತಾಯದ ಏಜೆಂಟು. ಇಲ್ಲೇ ಹಿಂದಿನ ಬೀದಿ. ಪಾಸ್‌ಬುಕ್ಕೂ ಅವರತ್ರನೇ ಇರ್ಬೇಕು."

ಬಂಗಾರಮ್ಮ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಗಂಗಾಶ್ರೀಯನ್ನು ಕಂಡು ಎದ್ದು ನಿಂತಳು. ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಇವಳಿಗೂ ಆ ಮುಖ ಎಲ್ಲೋ ಕಂಡಂತಿತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ, ಮರದ ಬೆಂಚಿನ ಮೇಲೆ ಅಂದು ಕಾಗದದ ಮೇಲೆ ಕಾಗದ. ಎಲ್ಲವನ್ನೂ ಸಾಲು ಸಾಲು ಓದಿ, ಸಂಜೆಯಾಗಿ, ಕೊನೆಯ ಬಸ್ಸಿನ ಹೊತ್ತಾಗಿತ್ತು. ಆಗ ಯಾರೋ ಹೆಂಗಸು 'ಇಲ್ಲೊಂದು ಉಳೀತಕ್ಕಾ' ಎಂದು ಬೆರಳಿಟ್ಟು ತೋರಿಸಿದ್ದಳು. ವಿಭಾಗಪತ್ರದ್ದೇ ಇರಬೇಕೆಂದು ಅದೊಂದನ್ನು ಓದದೆ ಸಹಿ ಹಾಕಿದ್ದಳು.

"ಅದು ನೀನೇ," ಎಂದಳು ಗಂಗಾಶ್ರೀ. "ಎಷ್ಟು ಕೊಟ್ಟ ನಿಂಗೆ ಕೊಟ್ರೇಶಿ?"

"ಅಯ್ಯೋ, ಕೊಟ್ರೇಶಣ್ಣಂಗೆ ಇದರ ಗಾಳಿನೂ ಗೊತ್ತಿಲ್ಲಕ್ಕಾ." ಬಂಗಾರಮ್ಮ ಬೀದಿಯ ಕಡೆ ನೋಡಿದಳು. "ಅಂವಗೆ ಹೇಳ್ಬ್ಯಾಡಿ. ನಂಗೆ ಕಮಿಷನ್ ನೂರು ರೂಪಾಯಿ, ಅಷ್ಟೇ. ನೀವು ಬ್ಯಾಂಕಿನಾಗೆ ಕಟ್ತೀರಿ ಅಂತ ನಂಗೇನು ಗೊತ್ತು? ಗೊತ್ತಿದ್ರೆ ಮಾಡ್ತಿದ್ನಾ?"

"ಹಂಗಾದ್ರೆ ದುಡ್ಡು ಯಾರದು?"

ಬಂಗಾರಮ್ಮ ಒಳಗೆ ಹೋಗಿ ಪಾಸ್‌ಬುಕ್ಕು ತಂದು ಅವಳ ಕೈಗೆ ಕೊಟ್ಟಳು. "ಉಳವಿಗೆ ಹೋಗಿ ಅಜ್ಜಿನ್ನೇ ಕೇಳ್ರಿ. ಹೇಳೋದಿಲ್ಲ ಅಂತ ಅವರಿಗೆ ಮಾತು ಕೊಟ್ಟೀನಿ."

ಅತ್ತೆ! ಉಳವಿಯ ಬಸ್ಸಿನಲ್ಲಿ ಕೂತ ಗಂಗಾಶ್ರೀಗೆ ಇದು ಇನ್ನೂ ಕಠಿಣವಾಗಿ ಕಂಡಿತು. ಕೊಟ್ರೇಶನದು ಸಿಟ್ಟಿನ ಸ್ವಭಾವ, ಬಾಯಿ ದೊಡ್ಡದು, ಅವನ ಲೆಕ್ಕ ಮುಖದ ಮೇಲೇ ಇರುತ್ತದೆ. ಅಕ್ಕನಾಗಮ್ಮನ ಹೊಟ್ಟೆಯಲ್ಲಿ ಏನಿದೆ ಎಂದು ಅವಳನ್ನು ಹೆತ್ತವರಿಗೂ ಗೊತ್ತಾಗಿರಲಿಕ್ಕಿಲ್ಲ. ಮುದುಕಿ ಕಿರಿಮಗನಿಗಾಗಿಯೇ ಏನೋ ಹೂಡಿದ್ದಾಳೆ. ಶೃತಿಯ ಹೆಸರನ್ನು ಯಾಕೆ ಸೇರಿಸಿದ್ದಾಳೆ? ಮೊಮ್ಮಗಳನ್ನು ಅಲ್ಲಿಗೇ ಎಳೆದುಕೊಂಡು ಯಾವನಿಗೋ ಕಟ್ಟುವ ಹುನ್ನಾರವೇ?

ಮನೆಯ ಬಾಗಿಲು ತೆರೆದೇ ಇತ್ತು. ಕೊಟ್ರೇಶ್ ಊಟ ಮಾಡಿ ಕೈ ಒರೆಸಿಕೊಳ್ಳುತ್ತಿದ್ದವನು ಹಾಗೇ ನಿಂತುಬಿಟ್ಟ. ಐದು ವರ್ಷದಲ್ಲಿ ಕೂದಲು ಅರ್ಧ ಬೆಳ್ಳಗಾಗಿತ್ತು.

"ಅತ್ತಿಗೀ? ಏನು ಹಿಂಗೆ, ಹೇಳದೆ ಕೇಳದೆ?"

"ನಿಮ್ಮವ್ವನ್ನ ಕರಿ."

ಅಕ್ಕನಾಗಮ್ಮ ಹಿತ್ತಲಿನಿಂದ ಗೋಡೆ ಹಿಡಿದುಕೊಂಡು ಬಂದಳು. ಎಪ್ಪತ್ತಾರು ದಾಟಿದ ಜೀವ. ಬೆನ್ನು ಬಾಗಿದ್ದರೂ ನೋಟ ಬಾಗಿರಲಿಲ್ಲ. ಸೊಸೆಯ ಕೈಯಲ್ಲಿದ್ದ ಪಾಸ್‌ಬುಕ್ಕನ್ನು ಕಂಡಳು. ಚಾಪೆಯ ಮೇಲೆ ಕೂತು, "ನೀರು ಕೊಡ್ಲೇನು?" ಎಂದಳು.

"ನೀರು ಬೇಡ ಅತ್ತೆ. ಇದೇನು ಹೇಳ್ರಿ. ಇದರ ದೆಸೆಯಿಂದ ಶಿವಮೊಗ್ಗದೋರು ನಂಗೆ ಕಳ್ಳಿ ಅಂತ ಕಾಗದ ಬರೆದಾರೆ."

ಕೊಟ್ರೇಶ್ ಪಾಸ್‌ಬುಕ್ಕನ್ನು ಕಸಿದುಕೊಂಡು ಪುಟ ತಿರುವಿದ. ಹತ್ತು ಸಾವಿರ, ಹತ್ತು ಸಾವಿರ, ಹತ್ತು ಸಾವಿರ. ಅವನ ಮುಖ ಕೆಂಪಾಯಿತು.

"ಅವ್ವಾ, ಇದು ನಿನ್ನ ಗದ್ದೆ ಗುತ್ತಿಗೆ ದುಡ್ಡಲ್ವಾ? ಕೇರಳದೋರು ಶುಂಠಿಗೆ ಅಂತ ಕೊಡೋದು? ಮಠಕ್ಕೆ ಕೊಡ್ತೀನಿ ಅಂತಿದ್ದೆ! ನಂಗೆ ಬೋರಿಗೆ ಅಂತ ಕೇಳಿದಾಗ ಒಂದು ಪೈಸೆ ಕೊಡ್ಲಿಲ್ಲ!" ಆಮೇಲೆ ಗಂಗಾಶ್ರೀಯ ಕಡೆ ತಿರುಗಿದ. "ಏನು ಮಂಕುಬೂದಿ ಹಾಕಿದ್ರಿ ಅತ್ತಿಗೆ? ಅಂಗಡಿ ಸಾಲದು ಅಂತ ಮುದುಕಿ ದುಡ್ಡಿಗೂ ಕೈ ಹಾಕಿದ್ರಾ?"

"ನಾನಾ?" ಗಂಗಾಶ್ರೀಯ ದನಿ ಏರಿತು. "ನಿಮ್ಮ ದುಡ್ಡಿಗೆ ನಾನು ದಂಡ ಕಟ್ಟೋ ಹೊತ್ತು ಬಂದೈತೆ!"

"ಬಾಯಿ ಮುಚ್ರಿ ಇಬ್ರೂ," ಎಂದಳು ಅಕ್ಕನಾಗಮ್ಮ. ಗಟ್ಟಿಯಾಗಿ ಹೇಳಲಿಲ್ಲ.

"ಗಂಗಾ, ನಿನ್ನ ಒಂಬತ್ತು ತೊಲ ಬಂಗಾರ ನೆನಪೈತಾ?"

ನೆನಪಿರದೆ ಏನು? ತವರಿನಿಂದ ತಂದ ಅವಲಕ್ಕಿ ಸರ, ನಾಲ್ಕು ಬಳೆ. ಎಂಬತ್ತೊಂದರಲ್ಲಿ ಅದು ಪೆಟ್ಟಿಗೆಯಿಂದ ಹೋಗಿತ್ತು. ಯಾರು ಕದ್ದರೆಂದು ಊರೆಲ್ಲ ಹುಡುಕುವ ಮೊದಲೇ ಚನ್ನೇಶ್ ತಲೆ ತಗ್ಗಿಸಿ, "ನಾನೇ ತಗೊಂಡೆ. ಹೋಯ್ತು, ಬಿಡು" ಅಂದಿದ್ದ. ಎಲ್ಲಿಗೆ ಹೋಯಿತು ಎಂದು ಎಷ್ಟು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಅವನಿಗೆ ಆಗೊಮ್ಮೆ ಈಗೊಮ್ಮೆ ಶಿರಾಳಕೊಪ್ಪದಲ್ಲಿ ಇಸ್ಪೀಟು ಆಡುವ ಚಟವಿತ್ತು. ಅಲ್ಲೇ ಸೋತ ಎಂದು ಗಂಗಾಶ್ರೀ ತೀರ್ಮಾನ ಮಾಡಿದ್ದಳು. ಅಂದಿನಿಂದ ಗಲ್ಲಾದ ಬೀಗದಕೈ ಅವಳ ಸೆರಗಿಗೆ ಬಂತು. ತನ್ನದೇ ಅಂಗಡಿಯಲ್ಲಿ ಚನ್ನೇಶ್ ಟೀ ಕುಡಿಯಲು ಹೆಂಡತಿಯನ್ನು ಕಾಸು ಕೇಳಿದ. ಎಂಟು ವರ್ಷ ಕೇಳಿದ. ಆಮೇಲೆ ಸತ್ತ.

"ಅದನ್ನ ಮಾರಿದ್ದು ನಾನು," ಎಂದಳು ಅಕ್ಕನಾಗಮ್ಮ. "ಇವನ ಲಾರಿಗೆ."

ಕೊಟ್ರೇಶ್ ತಾಯಿಯನ್ನೇ ನೋಡಿದ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪಾಲಿನ ಮೇಲೆ ಹಳೆಯ ಲಾರಿ ಹಿಡಿದು ಎರಡೇ ವರ್ಷಕ್ಕೆ ಕೈ ಸುಟ್ಟುಕೊಂಡವನು ಅವನು. "ಅದು ಅಪ್ಪನ ದುಡ್ಡು ಅಂದಿದ್ದೆ."

"ಅಪ್ಪನತ್ರ ಎಲ್ಲಿತ್ತು? ನೀನು ಲಾರಿ ಇಲ್ದಿದ್ರೆ ಊರು ಬಿಡ್ತೀನಿ ಅಂತ ಕೂತಿದ್ದೆ. ವರ್ಷದಾಗೆ ಅಂಥದ್ದೇ ಮಾಡಿಸಿ ಇಡೋಣ, ಸೊಸೆಗೆ ಗೊತ್ತೇ ಆಗಲ್ಲ ಅಂದ್ಕಂಡೆ. ಚನ್ನೇಶಿಗೆ ಗೊತ್ತಾತು. ಅವನ ಕೈಲಿ ಲಿಂಗ ಮುಟ್ಟಿಸಿ ಆಣೆ ಹಾಕಿಸ್ಕಂಡೆ, ನಿನ್ನ ಹೆಂಡ್ತಿಗೆ ಹೇಳ್ಕೂಡದು ಅಂತ. ಹೇಳಲಿಲ್ಲ ಅಂವ. ತನ್ನ ಮೇಲೆ ಹಾಕ್ಕಂಡ."

ಮೊದಲು ಗಂಗಾಶ್ರೀಗೆ ಬಂದದ್ದು ಅಳುವಲ್ಲ, ಅನುಮಾನವೇ. ಇದೂ ಒಂದು ಕತೆಯಿರಬಹುದು. ಸತ್ತವನು ಬಂದು ಹೌದು ಇಲ್ಲ ಎನ್ನುತ್ತಾನೆಯೇ?

"ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಈಗ ಯಾಕೆ ಹೇಳ್ತೀರಿ?"

"ಈಗಲೂ ಹೇಳ್ತಿರಲಿಲ್ಲ. ಆ ಶಿವಮೊಗ್ಗದೋರು ಹೇಳಿಸಿದ್ರು." ಮುದುಕಿ ಕಾಲು ಚಾಚಿ ಮಂಡಿ ನೀವಿಕೊಂಡಳು. "ಅವನ ಹೆಣದ ಮುಂದೆ ನೀನು ಆಡಿದ ಮಾತು ನಾನು ಕೇಳೀನಿ. ಬಂಗಾರ ತಿಂದೆ, ಈಗ ನನ್ನೂ ಬಿಟ್ಟು ಹೋದೆ ಅಂದಿ. ಅವತ್ತೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ. ಗದ್ದೆ ನನ್ನ ಹೆಸರಿಗೆ ಬಂದ ಮ್ಯಾಲೆ ವರ್ಷಾ ಶಿರಾಳಕೊಪ್ಪದ ಅಕ್ಕಸಾಲಿಗನ್ನ ಕೇಳ್ತಿದ್ದೆ, ಒಂಬತ್ತು ತೊಲಕ್ಕೆ ಇವತ್ತು ಎಷ್ಟಪ್ಪಾ ಅಂತ. ಮಜೂರಿ ಸೇರಿ ಐವತ್ತು ಸಾವಿರ ಅಂದ. ಈ ವರ್ಷಕ್ಕೆ ಮುಗೀತು."

"ನನ್ನ ಕೈಗೇ ಕೊಡಬಹುದಿತ್ತಲ್ಲ?"

"ತಗೊಂತಿದ್ಯಾ? ನಾನು ಒಂದು ಬಾಳೆಹಣ್ಣು ಕೊಟ್ರೂ ಸಿಪ್ಪೆ ಸುಲಿದು ಒಳಗೇನೈತೆ ಅಂತ ನೋಡೋಳು ನೀನು. ಬಂಗಾರಿ ಹೇಳಿದ್ಲು, ಇದು ಮುಪ್ಪಿನ ಖಾತೆ, ಹದಿನೈದು ವರ್ಷ ಯಾರೂ ಮುಟ್ಟೋಕಾಗಲ್ಲ, ಕೋರ್ಟಿನೋರಿಗೂ ಆಗಲ್ಲ ಅಂತ. ಇವನಿಗೂ ಆಗಲ್ಲ ಅಂದ್ಕಂಡೆ. ಅಷ್ಟೊತ್ತಿಗೆ ನಾನು ಇರಲ್ಲ, ನಿಂಗೆ ಸಿಗುತ್ತೆ."

ಕೊಟ್ರೇಶ್ ಪಾಸ್‌ಬುಕ್ಕನ್ನು ಚಾಪೆಯ ಮೇಲಿಟ್ಟು ಹೊರಗೆ ಹೋದ. ಜಗಲಿಯ ಮೇಲೆ ಅವನು ಕೂತ ಸದ್ದು ಕೇಳಿಸಿತು.

ಹೊರಡುವ ಮುಂಚೆ ಗಂಗಾಶ್ರೀ ಗುತ್ತಿಗೆಯ ಚೀಟಿಗಳನ್ನು ಕೇಳಿ ತೆಗೆದುಕೊಂಡಳು. ಮುದುಕಿ ಹೇಳಿದ್ದು ನಿಜವೇ ಎಂದು ನೋಡಬೇಕಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಅಕ್ಕಸಾಲಿಗನ ಅಂಗಡಿ ಹುಡುಕಿಕೊಂಡು ಹೋದಳು. "ಹೌದಮ್ಮಾ, ಉಳವಿ ಅಜ್ಜಿ ತಾನೆ? ವರ್ಷಕ್ಕೊಂದ್ಸಲ ಬಂದು ಒಂಬತ್ತು ತೊಲದ ರೇಟು ಕೇಳ್ತಾರೆ, ಏನೂ ಕೊಳ್ಳಲ್ಲ" ಎಂದು ಅವನು ನಕ್ಕ. ಗಂಗಾಶ್ರೀ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಳು. ಒಂದು ಬಸ್ಸು ಹೋಯಿತು. ಇನ್ನೊಂದು ಬಂದಾಗ ಎದ್ದಳು.

ಮಾಲತೇಶನಿಗೆ ಕೆಲಸ ಹಗುರಾಯಿತು. ಗದ್ದೆಯ ಪಹಣಿ ಅಕ್ಕನಾಗಮ್ಮನ ಹೆಸರಲ್ಲಿತ್ತು. ಜಮೀನಿನ ಗುತ್ತಿಗೆಯಿಂದ ಬಂದದ್ದು ಬೇಸಾಯದ ಆದಾಯ, ಅದಕ್ಕೆ ತೆರಿಗೆಯಿಲ್ಲ. ಅದನ್ನು ಅತ್ತೆ ಸೊಸೆಗೆ ಕೊಟ್ಟಳು ಎಂದು ತೋರಿಸಿದರೆ ಮುಚ್ಚಿಟ್ಟ ಹಣ ಎನ್ನುವ ಮಾತು ಬೀಳುತ್ತದೆ. ಅಫಿಡವಿಟ್ಟು ಬರೆಸಲು ಎಲ್ಲರೂ ಸೊರಬದ ನೋಟರಿಯ ಹತ್ತಿರ ಸೇರಿದರು. ಕೊಟ್ರೇಶನೇ ತಾಯಿಯನ್ನು ಕರೆದುಕೊಂಡು ಬಂದಿದ್ದ. ಅತ್ತಿಗೆಯ ಮುಖ ನೋಡದೆ ಬಾಗಿಲ ಬಳಿ ನಿಂತಿದ್ದ.

ಮಾಲತೇಶ್ ಓದಿ ಹೇಳಿದ: "ನನ್ನ ಸೊಸೆಯ ಮೇಲಿನ ಪ್ರೀತಿ ವಾತ್ಸಲ್ಯದಿಂದ ಸದರಿ ಮೊತ್ತವನ್ನು..."

"ಪ್ರೀತಿಯಿಂದ ಅಲ್ಲ," ಎಂದಳು ಅಕ್ಕನಾಗಮ್ಮ.

"ಅಜ್ಜೀ, ಎಲ್ಲಾರೂ ಹಂಗೇ ಬರೆಯೋದು."

"ಎಲ್ಲಾರೂ ಬರೀಲಿ. ಆಣೆ ಮಾಡಿ ಹೇಳೋ ಕಾಗದದಾಗೆ ಸುಳ್ಳು ಯಾಕೆ? ಸೊಸೆ ಬಂಗಾರ ಮಾರಿದ್ದೆ, ಅದರ ಬಾಬ್ತು ಅಂತ ಬರಿ."

ಮಾಲತೇಶ್ ಗಂಗಾಶ್ರೀಯನ್ನು ನೋಡಿದ. ಅವಳು ಬರೀರಿ ಎಂದಳು. ಬಂಗಾರದ ತೂಕ, ಇಸವಿ, ಲಾರಿ ಎಲ್ಲವನ್ನೂ ಮುದುಕಿ ಒಂದೊಂದಾಗಿ ಹೇಳಿ ಬರೆಸಿದಳು. ಚನ್ನೇಶನ ಹೆಸರು ಬಂದಾಗ, "ನನ್ನ ಹಿರಿಮಗ ಚನ್ನೇಶನಿಗೆ ಈ ವಿಷಯದಾಗೆ ಯಾವ ತಪ್ಪೂ ಇಲ್ಲ, ಅಂತಾನೂ ಬರಿ" ಎಂದಳು. ತೆರಿಗೆಯವರಿಗೆ ಅದು ಬೇಕಾಗಿರಲಿಲ್ಲ. ಆದರೂ ಮಾಲತೇಶ್ ಬರೆದ.

ಸೆಪ್ಟೆಂಬರಿನಲ್ಲಿ ಶಿವಮೊಗ್ಗದಲ್ಲಿ ವಿಚಾರಣೆ. ಅಧಿಕಾರಿ ಸಣ್ಣ ವಯಸ್ಸಿನವನು. ಬ್ಯಾಂಕಿನ ಪಟ್ಟಿಯನ್ನೂ ಅಂಚೆಯ ಪಟ್ಟಿಯನ್ನೂ ತಾಳೆ ನೋಡುವಾಗ ಒಂದೇ ಹೆಸರು ಎರಡು ಕಡೆ ಸಿಕ್ಕಿತು, ಯಾರೂ ಅರ್ಜಿ ಬರೆದದ್ದಲ್ಲ ಎಂದ. ಅಫಿಡವಿಟ್ಟನ್ನು ಎರಡು ಸಲ ಓದಿ, ಎರಡು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ ಮುದುಕಿಯನ್ನು ಕೂರಿಸಿ ಪ್ರಶ್ನೆ ಕೇಳಿದ. ಯಾರಿಗೆ ಗುತ್ತಿಗೆ ಕೊಟ್ಟಿರಿ, ದುಡ್ಡು ಯಾವ ತಿಂಗಳು ಕೈಗೆ ಬಂತು, ಎಲ್ಲಿ ಇಟ್ಟಿರಿ. ಅವಳು ತಡವರಿಸಲಿಲ್ಲ. ಆದರೆ ಐದು ವರ್ಷದಲ್ಲಿ ಒಂದು ವರ್ಷದ ಚೀಟಿ ಇರಲಿಲ್ಲ. ಆ ಸಲ ಶುಂಠಿ ಹಾಕಿದವನು ಬಾಯಿಮಾತಿನ ಮೇಲೆ ದುಡ್ಡು ಕೊಟ್ಟು ಊರಿಗೆ ಹೋಗಿದ್ದ.

"ನಾಲ್ಕು ವರ್ಷದ್ದು ಒಪ್ತೀನಿ," ಎಂದ ಅಧಿಕಾರಿ. "ಇದೊಂದಕ್ಕೆ ಆಧಾರ ಇಲ್ಲ. ಇದನ್ನ ಇವರ ಆದಾಯಕ್ಕೆ ಸೇರಿಸ್ಬೇಕಾಗುತ್ತೆ."

ಆ ಹತ್ತು ಸಾವಿರಕ್ಕೆ ತೆರಿಗೆ ನಾಲ್ಕು ಸಾವಿರ, ಬಡ್ಡಿ ಸಾವಿರದ ಏಳುನೂರು ಚಿಲ್ಲರೆ. ದಂಡದ ನೋಟೀಸು ಬೇರೆ ಬರುತ್ತದೆ ಎಂದ. ಬ್ಯಾಂಕಿನ ಖಾತೆಗೆ ತೊಂದರೆಯಿಲ್ಲ. ಸೊರಬದ್ದನ್ನು ಮಾತ್ರ ಮುಚ್ಚಿಸಿ ಅದರ ಪತ್ರ ತಂದುಕೊಡಬೇಕು.

ಕೊಟ್ರೇಶ್ ತಾಯಿಯನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದ ಮೇಲೆ ಗಂಗಾಶ್ರೀ ಮಗಳ ಹಾಸ್ಟೆಲ್ಲಿಗೆ ನಡೆದಳು. ಶೃತಿ ಅಲ್ಲೇ ಶಿವಮೊಗ್ಗದಲ್ಲಿ ಬಿಕಾಂ ಓದುತ್ತಿದ್ದಳು. ಗೇಟಿನ ಹತ್ತಿರದ ಬೆಂಚಿನಲ್ಲಿ ಕೂತು ಎಲ್ಲ ಹೇಳಿದಳು. ಅಪ್ಪ ಇಸ್ಪೀಟಿನಲ್ಲಿ ಅಮ್ಮನ ಒಡವೆ ಕಳೆದ ಎಂದೇ ಆ ಹುಡುಗಿ ಬೆಳೆದದ್ದು. ಹಾಗೆ ಬೆಳೆಸಿದವಳು ತಾನೇ.

"ನಿಮ್ಮಪ್ಪ ತಗೊಂಡಿರಲಿಲ್ಲ, ಶೃತಿ. ನಾನು ಸುಮ್ಮನೆ ಅಂದೆ."

ಶೃತಿ ಬೆಂಚಿನ ತುದಿಗೆ ಸರಿದು ಕೂತಳು. ಆಮೇಲೆ, "ಅಪ್ಪಂಗೆ ನೀನು ಎರಡೆರಡು ರೂಪಾಯಿ ಎಣಿಸಿ ಕೊಡ್ತಿದ್ದೆ ಅಮ್ಮ. ನಂಗೆ ನೆನಪೈತೆ" ಎಂದಳು.

ಹುಡುಗಿ ಎದ್ದು ಒಳಗೆ ಹೋದಳು. ಅಂದು ರಾತ್ರಿ ಶಿಕಾರಿಪುರದ ಮನೆಯಲ್ಲಿ ಗಂಗಾಶ್ರೀ ಗಂಡ ಸತ್ತ ದಿನ ಅಳದಷ್ಟು ಅತ್ತಳು. ಶೃತಿ ಎರಡು ವಾರ ಕಾಗದ ಬರೆಯಲಿಲ್ಲ. ಮೂರನೆಯ ವಾರ ತಾನಾಗಿ ಮನೆಗೆ ಬಂದು ಅಪ್ಪನ ಹಳೆಯ ಫೋಟೋಗಳನ್ನು ತೆಗೆಸಿ ನೋಡಿದಳು.

ಅಂಚೆ ಕಚೇರಿಯಲ್ಲಿ ಖಾತೆ ಮುಚ್ಚುವ ಆದೇಶ ಮೇಲಿನಿಂದ ಬರಲು ಮೂರು ತಿಂಗಳಾಯಿತು. ಕೊನೆಗೆ ಐವತ್ತು ಸಾವಿರ, ಅಸಲು ಮಾತ್ರ, ಗಂಗಾಶ್ರೀಯ ಕೈಗೆ ಬಂತು. ಐದು ವರ್ಷದ ಬಡ್ಡಿ ಹೋಯಿತು. ಮಾಲತೇಶ್ ಹೇಳಿದಂತೆ ಆ ಹಣದಲ್ಲಿ ಶೃತಿಯ ಹೆಸರಿಗೆ ಅವಳದೇ ಒಂದು ಖಾತೆ ತೆರೆದಳು. ಹತ್ತೊಂಬತ್ತು ತುಂಬಿದ ಹುಡುಗಿ, ಅವಳ ಮಿತಿ ಬೇರೆ, ಅದಕ್ಕೆ ಯಾರ ತಕರಾರೂ ಇಲ್ಲ.

ದಂಡದ ಆದೇಶ ಜನವರಿಯಲ್ಲಿ ಬಂತು. ನಾಲ್ಕು ಸಾವಿರ, ಹಾಕಬಹುದಾದದ್ದರಲ್ಲಿ ಕಡಿಮೆಯದು.

"ಅಪೀಲು ಹೋಗೋಣ ಅಕ್ಕಾರೆ," ಎಂದ ಮಾಲತೇಶ್. "ಗೆಲ್ತೀವಿ. ಅಜ್ಜಿ ಇನ್ನೊಂದ್ಸಲ ಬಂದು ಹೇಳಿಕೆ ಕೊಟ್ರೆ ಸಾಕು."

ಒಂದು ರೂಪಾಯಿಗೂ ತಹಶೀಲ್ದಾರರ ತನಕ ಹೋಗುವ ಹೆಂಗಸು ಎಂದು ಊರಲ್ಲಿ ಹೆಸರಾದವಳು ಅವಳು. ಮುದುಕಿ ಶಿವಮೊಗ್ಗದ ಕಚೇರಿಯ ಮೆಟ್ಟಿಲುಗಳಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡದ್ದು ಕಣ್ಣ ಮುಂದೆ ಬಂತು.

"ಬೇಡ ಬಿಡ್ರಿ. ಚಲನ್ ಬರ್ಕೊಡ್ರಿ, ಕಟ್ತೀನಿ."

ಫೆಬ್ರವರಿಯ ಒಂದು ಮಧ್ಯಾಹ್ನ ಅಕ್ಕನಾಗಮ್ಮ ಕೊಟ್ರೇಶನೊಂದಿಗೆ ಅಂಗಡಿಗೆ ಬಂದಳು. ಮಗ ಸತ್ತ ಮೇಲೆ ಅವಳು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತು, "ದಂಡ ಎಷ್ಟು ಹಾಕಿದ್ರು?" ಎಂದು ಕೇಳಿದಳು.

"ಎಲ್ಲಾ ಸೇರಿ ಒಂಬತ್ತು ಸಾವಿರದ ಏಳುನೂರು."

"ಹತ್ತು ಸಾವಿರಕ್ಕಾ?" ಮುದುಕಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಸೊಂಟದ ಸಂಚಿಗೆ ಕೈ ಹಾಕಿದಳು. "ಅದು ನನ್ನಿಂದ ಆಗಿದ್ದು. ನಾನು ಕೊಡ್ತೀನಿ."

"ಬೇಡ ಅತ್ತೆ. ಅಷ್ಟು ನನ್ನ ಕಡೆಯಿಂದ ಹೋಗ್ಲಿ."

ಮುದುಕಿ ಅವಳ ಮುಖ ನೋಡಿ ಸಂಚಿಯಿಂದ ಕೈ ತೆಗೆದಳು. ಕೊಟ್ರೇಶ್ ಪೈಪುಗಳ ಕಡೆ ನೋಡಿ, ಗದ್ದೆಗೆ ಎರಡಿಂಚಿನ ಪೈಪು ಹತ್ತು ಬೇಕಿತ್ತು ಅತ್ತಿಗೆ ಎಂದ. ಸೊರಬದಲ್ಲೂ ಸಿಗುತ್ತಿತ್ತು. ಅವಳು ಅದನ್ನು ಎತ್ತಿ ಆಡಲಿಲ್ಲ. ಅಂಗಡಿಗೆ ಬೀಳುವ ದರವನ್ನೇ ಹೇಳಿದಳು. ಅಕ್ಕನಾಗಮ್ಮ ಅದಕ್ಕೂ ಚೌಕಾಸಿ ಮಾಡಿ ಇಪ್ಪತ್ತು ರೂಪಾಯಿ ಇಳಿಸಿದಳು. ದುಡ್ಡು ಎಣಿಸಿ ಕೊಟ್ಟು, ಬಿಲ್ಲು ಬರೆಸಿಕೊಂಡು, ಆಮೇಲೆ ಎದ್ದು ಹೋಗಿ ಗೋಡೆಗೆ ಒರಗಿಸಿದ್ದ ಪೈಪುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸತೊಡಗಿದಳು. ಒಂಬತ್ತಕ್ಕೆ ಬಂದಾಗ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದಳು.

"ಅವ್ವಾ, ಸರಿ ಇರ್ತಾವೆ ಬಾರವ್ವಾ," ಎಂದ ಕೊಟ್ರೇಶ್ ನಾಚಿಕೊಂಡು.

"ಎಣಿಸ್ಲಿ ಬಿಡು," ಎಂದಳು ಗಂಗಾಶ್ರೀ.